ಪದಚರ್ಚೆ: ಶಾಕ್ ಅಬ್ಸಾರ್ಬರ್, ಸ್ಟ್ರಟ್ – ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಕಾರಿನ ಎತ್ತರ ಇಳಿಸಿದ ಮೇಲೆ ಶಾಕ್ ಅಬ್ಸಾರ್ಬರ್, ಸ್ಟ್ರಟ್ ಯಾಕೆ ಬದಲಿಸಬೇಕು ಎಂದು ಒಂದು ಬರಹ ಬರೆಯುತ್ತಿದ್ದೇನೆ. ಎರಡೂ ಚಕ್ರಕ್ಕೂ ಕಾರಿನ ಮೈಗೂ ನಡುವೆ ಕೂರುವ ಸಾಮಾನುಗಳು. ಈ ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ನೆರವು ಬೇಕು.

ಮೊದಲು ಶಾಕ್ ಅಬ್ಸಾರ್ಬರ್. ಇದ್ದ ಹಾಗೇ ಕನ್ನಡಕ್ಕೆ ತಂದರೆ ‘ಆಘಾತ ಹೀರುಕ’ ಆಗುತ್ತದೆ. ಆಘಾತ ಅಂದ ಕೂಡಲೇ ಈಗ ಯಾರಿಗಾದರೂ ನೆನಪಾಗುವುದು ಹೃದಯಾಘಾತ, ಇಲ್ಲವೇ ಕೆಟ್ಟ ಸುದ್ದಿ. ಬರೀ ‘ಶಾಕ್’ ಅಂದರೆ ಕರೆಂಟ್ ಹೊಡೆದ ಹಾಗೆ. ಆದರೆ ನನ್ನ ತಕರಾರು ಇದಕ್ಕಿಂತ ದೊಡ್ಡದು. ಆ ಹೆಸರೇ ದಾರಿ ತಪ್ಪಿಸುತ್ತದೆ. ಚಕ್ರ ಗುಂಡಿಗೆ ಬಿದ್ದಾಗ ಪೆಟ್ಟು ತಾಳಿಕೊಳ್ಳುವುದು ಸ್ಪ್ರಿಂಗ್. ಅದು ಕುಗ್ಗುತ್ತದೆ, ಆಮೇಲೆ ಪುಟಿಯುತ್ತದೆ. ಸುಮ್ನೆ ಬಿಟ್ಟರೆ ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಸುಳುವಾಗ ಕುಲುಕಾಟದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಬ್ರಿಟನ್ನಿನವರು ಇದನ್ನು ‘ಡ್ಯಾಂಪರ್’ ಎನ್ನುತ್ತಾರೆ. ಕೆಲಸಕ್ಕೆ ಒಪ್ಪುವ ಹೆಸರು ಅದೇ.

ಎತ್ತರ ಇಳಿಸಲು ನನ್ನ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿದಾಗ ಶಾಕ್ ಹಳೆಯದನ್ನೇ ಬಿಟ್ಟಿದ್ದೆ. ‘ಪೆಟ್ಟು ಹೀರುವ ಸಾಮಾನು ಇದೆಯಲ್ಲ’ ಅಂದುಕೊಂಡಿದ್ದೆ. ಕೆಲವು ತಿಂಗಳಾದ ಮೇಲೆ ಮುಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು ನೋಡಿದೆ. ಒಂದು ಸಲ ಎದ್ದು ನಿಲ್ಲಬೇಕಿದ್ದ ಕಾರು ಮೂರು ಸಲ ಕುಣಿಯಿತು. ಬಗ್ಗಿ ನೋಡಿದರೆ ಶಾಕ್‌ನ ಪಿಸ್ಟನ್ ರಾಡ್ ಬುಡದಲ್ಲಿ ಎಣ್ಣೆ ಜಿನುಗಿ ಅದರ ಮೇಲೆ ಕಪ್ಪು ಧೂಳು ಮೆತ್ತಿಕೊಂಡಿತ್ತು. ಗಿಡ್ಡ ಸ್ಪ್ರಿಂಗ್ ಸಾಮಾನ್ಯವಾಗಿ ಜಾಸ್ತಿ ಗಟ್ಟಿ ಇರುತ್ತದೆ. ಅದರ ಪುಟಿತವನ್ನು ಹಳೆಯ ಶಾಕ್ ಹಿಡಿಯಲಾರದು. ಮೇಲಾಗಿ 40 ಮಿ.ಮೀ. ಇಳಿಸಿದರೆ ಅದರ ರಾಡ್ ಹೆಚ್ಚುಕಡಿಮೆ ಅಷ್ಟೇ ಒಳಗೆ ಕೂತಿರುತ್ತದೆ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್ ರಬ್ಬರಿಗೆ, ಅಂದರೆ ಪೂರ್ತಿ ಕುಗ್ಗದಂತೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ಹೆಸರು ಸರಿ ಇದ್ದಿದ್ದರೆ ಇದು ನನಗೆ ಮೊದಲೇ ಹೊಳೆಯುತ್ತಿತ್ತು.

ಹಾಗಾದರೆ ಡ್ಯಾಂಪರಿಗೆ ಏನೆನ್ನೋಣ? ‘ತಣಿಸುಕ’ ಬೇಡ, ಆ ಸಾಮಾನು ಬಿಸಿಯಾಗುತ್ತದೆ, ತಣಿಯುವುದಿಲ್ಲ. ‘ಅಡಗಿಸು’ ಚೆನ್ನಾಗಿದೆ, ಹಸಿವು ಅಡಗಿತು, ಗಾಳಿ ಅಡಗಿತು ಅನ್ನುತ್ತೇವಲ್ವಾ. ಆದರೆ ‘ಅಡಗಿಸುಕ’ ಅಂದರೆ ಏನನ್ನೋ ಬಚ್ಚಿಡುವ ಡಬ್ಬಿ ಅನಿಸುತ್ತದೆ. ‘ತಗ್ಗಿಸು’ ಪದವನ್ನು ಎತ್ತರ ಇಳಿಸುವುದಕ್ಕೇ ಬಳಸುವ ಆಸೆ ಇತ್ತು, ಅದೂ ‘ವೇಗ ತಗ್ಗಿಸಿ’ ಬೋರ್ಡನ್ನು ನೆನಪಿಸುತ್ತದೆ. ಈಗ ನನ್ನ ಒಲವು ‘ಪುಟಿತಡೆ’ ಕಡೆಗೆ. ಚೆಂಡು ಪುಟಿಯುವುದು ಎಲ್ಲರಿಗೂ ಗೊತ್ತು. ಪುಟಿಯುವುದು, ಅದನ್ನು ತಡೆಯುವುದು ಎರಡೂ ಆ ಪದದಲ್ಲೇ ಇವೆ.

ಎರಡನೆಯದು ಸ್ಟ್ರಟ್. ಇದನ್ನು ಶಾಕ್ ಅಬ್ಸಾರ್ಬರಿನ ಇನ್ನೊಂದು ಹೆಸರು ಎಂದು ತಿಳಿಯುವವರು ತುಂಬಾ ಜನ. ಆದರೆ ಎರಡೂ ಒಂದೇ ಅಲ್ಲ. 1950ರ ಫೋರ್ಡ್ ಕಾನ್ಸಲ್ ಕಾರಿನ ಮುಂಭಾಗದಲ್ಲಿ ಬಂದ ಮೆಕ್‌ಫರ್ಸನ್ ಸ್ಟ್ರಟ್ಟನ್ನೇ ನೋಡಿ. ಡ್ಯಾಂಪರ್ ಅದರ ಹೊಟ್ಟೆಯಲ್ಲಿದೆ, ಸ್ಪ್ರಿಂಗ್ ಅದರ ಮೇಲೆ ಕೂತಿದೆ, ಕಾರಿನ ಭಾರ ಅದರ ಮೂಲಕ ಇಳಿಯುತ್ತದೆ, ಚಕ್ರವನ್ನು ನೆಟ್ಟಗೆ ಹಿಡಿಯುವುದೂ ಅದೇ. ಅದಕ್ಕೇ ಸ್ಟ್ರಟ್ ಬದಲಿಸಿದರೆ ವೀಲ್ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಭಾರ ಹೊರುವ ಗುಣ ಪದದಲ್ಲಿ ಬರಲೇಬೇಕು. ಊರುಗೋಲಿನ ‘ಊರು’ವಿನಿಂದ ‘ಊರೆಗಂಬ’ ಆಗಬಹುದೇ? ‘ಆನಿಕೆ’ಯನ್ನೂ ಯೋಚಿಸಿದೆ, ಆದರೆ ಅದರಲ್ಲಿ ಒರಗುವ ಅರ್ಥ ಜಾಸ್ತಿ.

ಇನ್ನು ಈ ಸಾಮಾನುಗಳ ಅಪ್‌ಗ್ರೇಡ್‌ಗೆ ‘ಮೇಲ್ದರ್ಜೆಗೇರಿಸು’ ನನಗೆ ಬೇಡ. ಅದು ಕಚೇರಿಯ ಮಾತು. ‘ತಕ್ಕದ್ದು ಹಾಕಿಸು’ ಸಾಕು.

ಈ ಸಾಲನ್ನು ಒಮ್ಮೆ ಜೋರಾಗಿ ಓದಿ, ಎಲ್ಲಿ ತೊಡರುತ್ತದೆ ಹೇಳಿ: ‘ಕಾರಿನ ಎತ್ತರ ಇಳಿಸಿದರೆ, ಹೊಸ ಸ್ಪ್ರಿಂಗಿಗೆ ತಕ್ಕ ಪುಟಿತಡೆಗಳನ್ನೂ ಊರೆಗಂಬಗಳನ್ನೂ ಹಾಕಿಸಿ.’