ಸಹಾಯ ಬೇಕು: ಕನ್ನಡದಲ್ಲಿ ನೇಸೋಮೀಟರ್ ಪರೀಕ್ಷೆ ಎಲ್ಲಿ ಮಾಡುತ್ತಾರೆ?

ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಸ್ಟ್ರೋಕ್ ಆದ ಮೇಲೆ ಅಪ್ಪನ ಕೈಕಾಲು ಸುಧಾರಿಸಿದೆ, ಮಾತು ಮಾತ್ರ ಮೂಗಿನಲ್ಲೇ ಬರುತ್ತಿದೆ. ‘ಬಾಳೆ’ ಅಂದರೆ ‘ಮಾಳೆ’ ಅಂತ ಕೇಳಿಸುತ್ತದೆ. ಮೂಗು ಹಿಡಿದುಕೊಂಡು ಹೇಳಿದರೆ ಸ್ವಲ್ಪ ಸರಿ. ನೆನಪು, ಲೆಕ್ಕ ಎಲ್ಲ ಪಕ್ಕಾ. ಅಡಿಕೆ ರೇಟು ಈಗಲೂ ಅವರೇ ವಿಚಾರಿಸುವುದು, ಆದರೆ ಫೋನಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಅಂಗುಳಿನ ಹಿಂಭಾಗ ಸರಿಯಾಗಿ ಮೇಲೇಳುತ್ತಿಲ್ಲ, ನೇಸೋಮೀಟರ್‌ನಲ್ಲಿ ನೋಡಬೇಕು ಎಂದರು ಸ್ಪೀಚ್ ಥೆರಪಿಸ್ಟ್. ಮೂಗಿಗೂ ಬಾಯಿಗೂ ನಡುವೆ ಒಂದು ತಟ್ಟೆ, ಅದರ ಮೇಲೊಂದು ಕೆಳಗೊಂದು ಮೈಕ್. ದನಿಯಲ್ಲಿ ಮೂಗಿನ ಪಾಲು ಶೇಕಡಾ ಎಷ್ಟು ಅಂತ ಗೊತ್ತಾಗುತ್ತದೆ. ನಮಗೆ ಹೇಳಿದ ಕಡೆ ಓದಿಸುವ ವಾಕ್ಯಗಳು ಮಲಯಾಳದಲ್ಲಿ. ಓದುವ ವಾಕ್ಯದಲ್ಲಿ ಮ, ನ, ಣ ಜಾಸ್ತಿ ಇದ್ದರೆ ಅಂಕಿಯೂ ಏರುತ್ತದೆ, ಹಾಗಾಗಿ ಭಾಷೆ ಬದಲಾದರೆ ಅಂಕಿಯೂ ಬದಲಾಗಬಹುದು, ಅಲ್ವಾ? ಅಪ್ಪನಿಗೆ ಮಲಯಾಳ ಓದಲು ಬರುವುದಿಲ್ಲ, ಅದು ಬೇರೆ. ಕನ್ನಡ ವಾಕ್ಯ ಓದಿಸಿ ಪರೀಕ್ಷೆ ಮಾಡುವವರು ಮಂಗಳೂರು ಕಡೆ ಇದ್ದಾರಾ? ಮೈಸೂರಿನ ಆಯಿಷ್‌ಗೆ (ವಾಕ್ ಶ್ರವಣ ಸಂಸ್ಥೆ) ಹೋಗಿ ಅಂತಾರೆ, ಘಾಟಿ ಹತ್ತಿಸಿ ಅಷ್ಟು ದೂರ ಕರೆದುಕೊಂಡು ಹೋಗುವುದು ಕಷ್ಟ ಮಾರಾಯ್ರೆ.

ಇನ್ನೊಂದು, ಹಲ್ಲಿಗೆ ಸಿಕ್ಕಿಸಿ ಅಂಗುಳನ್ನು ಎತ್ತಿ ಹಿಡಿಯುವ ಪ್ಯಾಲಟಲ್ ಲಿಫ್ಟ್. ಅಪ್ಪನಿಗೆ ಮೇಲಿನ ಹಲ್ಲು ಕೆಲವೇ ಉಳಿದಿವೆ. ಅಂಥವರಿಗೆ ಕೂರುತ್ತದಾ? ಓಕರಿಕೆ ಬರುತ್ತದಾ? ಹಾಕಿಸಿದವರು ತಿಳಿಸಿ. ಬಜೆ, ಜೇನುತುಪ್ಪದ ಸಲಹೆ ದಯವಿಟ್ಟು ಬೇಡ, ಮನೆಯಲ್ಲಿ ಅದೆಲ್ಲ ಸಾಕಷ್ಟಾಗಿದೆ.