ಕತ್ಯಾಗ ನಾ ಕಟ್ಟಿದ್ದೇ ಖರೆ ಆಗಿ ಕುಂತದ, ತಗೀಲೇನ್ರಿ?

ಬ್ರಹ್ಮಪುರದಕಿ, ಕಲಬುರಗಿ:
ನಮಸ್ಕಾರ್ರಿ. ಒಂದು ಕತಿ ಬರದು ಮನ್ಯಾಗ ಜಗಳ ಹಚ್ಕೊಂಡೀನಿ. ಕತಿಯೊಳಗಿನಾಕಿ ನಮ್ಮ ದೊಡ್ಡವ್ವ. ತೀರಿಕೊಂಡು ಆರು ವರ್ಷ ಆತು. ಗಂಡ ಬಿಟ್ಟು ಹೋದ ಮ್ಯಾಲ ಖಾನಾವಳಿಗೆ ಜ್ವಾಳದ ರೊಟ್ಟಿ ಬಡದು ಕೊಟ್ಟು ಮಗನ್ನ ಓದಿಸಿದಾಕಿ. ಹೆಸರು ಬದಲು ಮಾಡೀನಿ, ಚಿತ್ತಾಪುರ ತಗದು ಆಳಂದ ಹಾಕೀನಿ. ಒಂದು ಮಾತ್ರ ಬಿಡ್ಲಿಕ್ಕೆ ಆಗ್ಲಿಲ್ಲ: ಹತ್ತು ರೊಟ್ಟಿ ಆದ ಕೂಡ್ಲೆ ಒಲಿ ಬಾಜೂಕ ಫರಸಿ ಮ್ಯಾಲ ಇದ್ದಿಲಿಲೆ ಒಂದು ಗೆರಿ ಎಳೀತಿದ್ಲು. ರಾತ್ರಿ ಲೆಕ್ಕ ಮುಗದ ಮ್ಯಾಲ ಒದ್ದಿ ಅರಬಿಲೆ ಒರಸೂದು. ಶಹಾಬಾದ್ ಫರಸಿ ನಮ್ಮ ಕಡಿ ಎಲ್ಲರ ಮನ್ಯಾಗೂ ಅದ, ಆ ಗೆರಿ ಅಕಿ ಒಬ್ಬಾಕಿದೇ.

ಅಕಿ ಮಗ, ನಮ್ಮಣ್ಣ, ಓದಿದ. ಗೆರಿ ನೋಡಿ ನಕ್ಕ. ಸಾಲದ್ದು, ಗಂಡನ್ದು, ಎಲ್ಲಾ ಖರೇ ಸಂಗತಿ, ಅದಕ್ಕೂ ಏನೂ ಅನ್ಲಿಲ್ಲ. ಸಿಟ್ಟು ಬಂದದ್ದು ನಾ ಪೂರಾ ಕಟ್ಟಿ ಬರದ ಭಾಗಕ್ಕ: ಒಂದಿನ ರಾತ್ರಿ ಅಕಿ ಗೆರಿ ಒರಸದನ ಬಾಗಲಾ ಮುಂದ ಮಾಡಿ, ಸ್ಟೇಷನ್ ತನಕ ನಡಕೋತ ಹೋಗಿ, ಒಂದೇ ಟಿಕೆಟ್ ತಗೊಂಡು, ಬೆಳಗಾಗೂತನಕ ಕುಂತು ವಾಪಸ್ ಬರ್ತಾಳ. ‘ಇದು ನಿನಗ ಯಾರು ಹೇಳಿದ್ರು?’ ಅಂದ. ನಾನೇ ಕಟ್ಟೀನಿ ಅಂದ್ರ ನಂಬವಲ್ಲ. ಈಗ ಫೋನ್ ಎತ್ತವಲ್ಲ. ಅದು ತಗದ್ರ ಕತ್ಯಾಗ ಬರೇ ರೊಟ್ಟಿ ಉಳೀತಾವ.

ಕರಿಕೋಟು, ಯಾದಗಿರಿ:
ಅಕ್ಕಾರೆ, ಕೋರ್ಟಿನ ಮಾತು ಹೇಳಿಬಿಡ್ತೀನಿ. ಸತ್ತವರ ಬಗ್ಗೆ ಬರೆದದ್ದೂ ಮಾನಹಾನಿ ಆಗಬಹುದು, ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇದ್ದರೆ. ಮೊದಲು ಐಪಿಸಿ 499, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 356ನೇ ಕಲಂ. ನಿಮ್ಮ ಉದ್ದೇಶ ಅದಲ್ಲ, ಹೆದರಬೇಡ್ರಿ. ಅಣ್ಣನ ಮನೆಗೆ ಹೋಗಿ ಚಾ ಕುಡಿದು ಬರ್ರಿ, ನೋಟೀಸಿಗಿಂತ ಅದು ಸಸ್ತಾ.

ಬೀದರ್ ಮಾಸ್ತರ:
ಒಂದು ಸಣ್ಣ ಅನುಮಾನ. ಊರು ಆಳಂದ ಮಾಡೀರಿ, ಸ್ಟೇಷನ್ ಹಂಗೇ ಬಿಟ್ಟೀರಿ. ಆಳಂದದಾಗ ರೈಲು ಎಲ್ಲದರಿ? ಆ ಸ್ಟೇಷನ್ ಚಿತ್ತಾಪುರದ್ದು, ವಾಡಿಯಿಂದ ಸೇಡಂಗೆ ಹೋಗೂ ಲೈನಿನ್ದು. ಕಟ್ಟಿ ಬರದದ್ದಾಗಿದ್ರ ಬಸ್ ಸ್ಟ್ಯಾಂಡ್ ಬರೀತಿದ್ರಿ. ಇದು ಕಟ್ಟಿದ್ದಲ್ಲ, ಎಲ್ಲೋ ಕೇಳಿದ್ದು.

ಬ್ರಹ್ಮಪುರದಕಿ:
ಮಾಸ್ತರ್ರಿ, ನಿಮ್ಮ ಮಾತು ಓದಿ ಮೈ ಝುಮ್ ಅಂತು. ಮೂರು ಸಲ ತಿದ್ದೀನಿ, ಸ್ಟೇಷನ್ ಕಣ್ಣಿಗೇ ಬಿದ್ದಿಲ್ಲ. ಸೀದಾ ಅಡಗಿಮನಿಗೆ ಹೋಗಿ ಅವ್ವನ್ನ ಕೇಳಿದೆ. ಹಿಟ್ಟು ನಾದಾಕಿ ಕೈ ನಿಂದ್ರಿಸಿದ್ಲು. ‘ಅಕ್ಕ ನನಗ ಅದು ಹೇಳೂಮುಂದ ನೀ ನನ್ನ ಮಗ್ಗಲ್ದಾಗ ಮಲಗಿದ್ದಿ. ನಿದ್ದಿ ಹತ್ಯದ ಅನ್ಕೊಂಡಿದ್ದೆ’ ಅಂದ್ಲು. ಮತ್ತೊಂದು ಮಾತು ಆಡ್ಲಿಲ್ಲ, ಹಿಟ್ಟಿಗೆ ನೀರು ಹಾಕಿದ್ಲು.

ಕತಿ ಪತ್ರಿಕೆಗೆ ಕಳಿಸೂದು ಸದ್ಯ ನಿಲ್ಲಿಸೀನಿ. ಐತವಾರ ಚಿತ್ತಾಪುರಕ್ಕ ಹೊಂಟೀನಿ, ಅವ್ವನೂ ಬರ್ತೀನಿ ಅಂದಾಳ.