ನಿಂತು ಓಡಿಸುವ ಜೆಟ್ ಸ್ಕೀಗೆ ಕಾಲಡಿಯ ಮ್ಯಾಟ್: ಕಿಟ್ ತರಿಸುವುದಾ, ಇಲ್ಲೇ ಕತ್ತರಿಸಿ ಅಂಟಿಸುವುದಾ?

ಉಪ್ಪಳದವ:
ಗೋವಾ ಕಡೆಯಿಂದ ಹಳೇ ಯಮಹಾ ಸೂಪರ್‌ಜೆಟ್ ಒಂದು ಕೈಗೆ ಬಂದಿದೆ, ನೀರಿನ ಮೇಲೆ ಒಬ್ಬನೇ ನಿಂತು ಓಡಿಸುವ ಗಾಡಿ. 701 ಸಿಸಿ, ಟೂ ಸ್ಟ್ರೋಕ್. ಎಂಜಿನ್ ಗಟ್ಟಿ ಉಂಟು. ಕಾಲಿಡುವ ಟ್ರೇ ಮಾತ್ರ ಗೋಳು. ಮ್ಯಾಟಿನ ಅಂಚು ಎಲ್ಲ ಎದ್ದಿದೆ, ನಡುಭಾಗ ಸವೆದು ನುಣ್ಣಗಾಗಿದೆ. ಚಂದ್ರಗಿರಿ ಹೊಳೆಯಲ್ಲಿ ಜೋರಾಗಿ ತಿರುಗಿಸಿದರೆ ಹಿಂದಿನ ಕಾಲು ಜಾರುತ್ತದೆ. ಹೊರದೇಶದ ರೆಡಿ ಕಿಟ್ ತರಿಸಿದರೆ ಕಿಟ್ಟಿನ ಬೆಲೆ, ಸಾಗಣೆ, ಮೇಲಿಂದ ಕಸ್ಟಮ್ಸ್. ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಇವಿಎ ಶೀಟ್ (ಅಟ್ಟೆಗೆ ಹಾಕುವ ಮೆತ್ತಗಿನ ಫೋಮ್) ಕತ್ತರಿಸಿ ಅಂಟಿಸಿದರೆ ಆಗುವುದಿಲ್ವಾ? ಹಿಂದುಗಡೆ ಏರು ಇರುವ ಕಿಕ್ ಒಂದು, ಪಾದ ಸಿಕ್ಕಿಸುವ ಫುಟ್‌ಹೋಲ್ಡ್ ಎರಡು, ಇವೂ ಬೇಕು ಅಂತ ಆಸೆ.

ಫೈಬರ್ ಕೆಲಸದವ:
ಶೀಟ್ ಯಾಕೆ ಮಾರಾಯ? ಟ್ರೇ ಉಜ್ಜಿ ರೆಸಿನ್ ಬಳಿ. ಹಸಿ ಇರುವಾಗಲೇ ಜರಡಿ ಹಿಡಿದ ಒಣ ಮರಳು ಉದುರಿಸು. ಗಟ್ಟಿಯಾದ ಮೇಲೆ ಇನ್ನೊಂದು ಕೈ ರೆಸಿನ್. ಮೀನಿನ ದೋಣಿಗೆ ನಾವು ಮಾಡುವುದು ಇದನ್ನೇ. ಲೋಳೆ ಬಿದ್ದರೂ ಕಾಲು ಕದಲುವುದಿಲ್ಲ. ಅಂಟು ಬಿಡುವ ಚಿಂತೆಯೇ ಇಲ್ಲ.

ಹೊಸದುರ್ಗ ರೈಡರ್:
ಅಣ್ಣ, ದೋಣಿಯಲ್ಲಿ ನಿಲ್ಲುವುದು ಮಾತ್ರ. ಇದರಲ್ಲಿ ನೀರಿಗೆ ಬಿದ್ದವ ಹಿಂದಿನಿಂದ ಹತ್ತಬೇಕು. ಮೊದಲು ಮೊಣಕೈ, ಆಮೇಲೆ ಮೊಣಕಾಲು, ಸ್ವಲ್ಪ ವೇಗ ಬಂದ ಮೇಲೆ ಪಾದ. ಕಲಿಯುವವರು ಜಾಸ್ತಿ ಹೊತ್ತು ಮೊಣಕಾಲಲ್ಲೇ ಇರುತ್ತಾರೆ. ನಿಮ್ಮ ಮರಳಿನ ಮೇಲೆ ಹಾಗೆ ಮಾಡಿದರೆ ಚರ್ಮ ಟ್ರೇಯಲ್ಲೇ ಉಳಿಯುತ್ತದೆ. ಹೊಡೆತದ ವಿಷಯ ಬೇರೆ. ಬೇಕಲದ ಅಲೆ ಹಾರಿಸಿ ಇಳಿಸಿದರೆ ಹಿಮ್ಮಡಿಗೆ ಗೊತ್ತಾಗುತ್ತದೆ. ಮ್ಯಾಟ್ ಬೇಕಾಗಿರುವುದು ಹಿಡಿತಕ್ಕೆ ಎಷ್ಟೋ ಮೆತ್ತಗೆಗೂ ಅಷ್ಟೇ.

ಉಪ್ಪಳದವರಿಗೆ: ಶೀಟ್ ಬೇಡ, ಕಿಟ್ಟೇ ತರಿಸಿ. ನಿಮ್ಮ ಮಾದರಿಯ ಅಳತೆಗೇ ಕತ್ತರಿಸಿ ಬರುತ್ತದೆ, ಹಿಡಿತಕ್ಕೆ ಗೆರೆ ಕೊರೆದಿರುತ್ತಾರೆ. ಹೈಡ್ರೋ ಟರ್ಫ್ ಥರದ ಕಂಪನಿಯವರು ಇದನ್ನೇ ಕಸುಬು ಮಾಡಿಕೊಂಡವರು. ಆದರೆ ಸೂಪರ್‌ಜೆಟ್ಟಿನ ಆಕಾರ 1996ರಲ್ಲಿ ಬದಲಾಗಿದೆ, 2008ರಲ್ಲಿ ಮತ್ತೆ ತಿದ್ದಿದ್ದಾರೆ. ನಿಮ್ಮದು ಯಾವ ವರ್ಷದ್ದು ನೋಡಿಯೇ ಆರ್ಡರ್ ಮಾಡಿ.

ಬದಿಯಡ್ಕ ಟೀಚರ್:
ಕಿಟ್ಟೋ ಶೀಟೋ ಅನ್ನುವುದು ಎರಡನೇ ಮಾತು. ಅಂಟು ನಿಲ್ಲುತ್ತದಾ ಅನ್ನುವುದು ಮೊದಲು. ದುಬಾರಿ ಕಿಟ್ ಪಾಲಿಶಿನ ಮೇಣದ ಮೇಲೆ ಅಂಟಿಸಿದರೂ ಕಿತ್ತು ಬರುತ್ತದೆ.

ಹಳೇ ಅಂಟು ಪೂರ್ತಿ ತೆಗೆಯಿರಿ. ಪಾಲಿಶ್ ಹಾಕಿದ ಗಾಡಿಯಾದರೆ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಬೇಗ ಬೇಗ ಒರೆಸಿ, ಬಟ್ಟೆ ಬದಲಿಸುತ್ತಾ ಇರಿ. ಪ್ಲಾಸ್ಟಿಕ್ ಭಾಗಕ್ಕೆ ಅಸಿಟೋನ್ ತಾಗಿಸಬೇಡಿ. ಮೇಣ ಹೋದ ಮೇಲೆ 80 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಈ ಕ್ರಮ ತಿರುಗಿಸಬೇಡಿ. ಮೇಣ ಇರುವಾಗಲೇ ಉಜ್ಜಿದರೆ ಅದು ಗೀರಿನ ಒಳಗೆ ಇಳಿಯುತ್ತದೆ.

ಅಂಟಿಗೆ ಬಿಳಿ ಫೆವಿಕಾಲ್ ಸುತರಾಂ ಬೇಡ, ಅದು ನೀರಿಗೆ ಬಿಡುತ್ತದೆ. ಬಡಗಿಗಳು ಸನ್‌ಮೈಕಾಗೆ ಹಾಕುವ ಸಿಂಥೆಟಿಕ್ ರಬ್ಬರ್ ಅಂಟು ಬೇಕು. ಎರಡೂ ಕಡೆ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸುವುದು. ತಾಗಿದ ಕೂಡಲೇ ಹಿಡಿಯುತ್ತದೆ, ಸರಿಸಲು ಆಗುವುದಿಲ್ಲ. ನಡುವೆ ಕಾಗದ ಇಟ್ಟು, ಮುಂದಿನಿಂದ ಸ್ವಲ್ಪ ಸ್ವಲ್ಪವೇ ಕಾಗದ ಎಳೆಯುತ್ತಾ ಒತ್ತಿಕೊಂಡು ಬನ್ನಿ. ಒಂದಿಡೀ ದಿನ ನೀರಿಗೆ ಇಳಿಸಬೇಡಿ.

ಮತ್ತೆ, ಈಗ ಆಟಿ ತಿಂಗಳು, ಜಡಿಮಳೆಯ ಕಾಲ. ಈ ಹವೆಯಲ್ಲಿ ಅಂಟು ಬಳಿಯಲೇಬೇಡಿ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಿಡಿತ ಮಾತ್ರ ಅರ್ಧ.

ಉಪ್ಪಳದವ:
ಟೀಚರಕ್ಕ, ಥ್ಯಾಂಕ್ಸ್. ಹಾಗಾದರೆ ಶೀಟ್ ಆದೀತು ಅಂತಾಯಿತಲ್ವಾ?

ಬದಿಯಡ್ಕ ಟೀಚರ್:
ಆದೀತು, ಪರೀಕ್ಷೆ ಮಾಡಿ ತಂದರೆ. ಒಂದು ತುಂಡನ್ನು ಕಲ್ಲು ಹೇರಿ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಮೇಲ್ಮೈ ಒರೆಸಿ ಹಿಂಡಿ. ನೀರು ಬಂದರೆ ಅದು ಸ್ಪಂಜಿನ ಜಾತಿ, ಬೇಡ. ಇವಿಎ ಒಳಗಿನ ಗುಳ್ಳೆಗಳು ಒಂದಕ್ಕೊಂದು ಸೇರಿರುವುದಿಲ್ಲ, ಹಾಗಾಗಿ ನೀರು ಹೀರುವುದಿಲ್ಲ.

ಹೊಸದುರ್ಗ ರೈಡರ್:
ನೀರು ಹೀರದಿದ್ದರೆ ಸಾಕಾ? ಚಪ್ಪಲಿ ಶೀಟಿನ ಮೇಲ್ಮೈ ನಯ. ಒದ್ದೆಯಾದರೆ ಬಚ್ಚಲ ಕಲ್ಲಿನ ಹಾಗೆ. ಕಿಟ್ಟಿಗೆ ದುಡ್ಡು ಕೊಡುವುದೇ ಗೆರೆಗೆ. ನೀರು ಆ ಗೆರೆಗೆ ಇಳಿದರೆ ತಾನೇ ಪಾದಕ್ಕೆ ರಬ್ಬರ್ ಸಿಗುವುದು?

ಕುಂಬಳೆ ಕಡೆಯವಳು:
ಸೋಲ್ ಮಾಡಲು ಗೆರೆ ಹಾಕಿದ ಶೀಟೂ ಬರುತ್ತದಲ್ಲ ಅಣ್ಣ. ಗೆರೆ ಯಾವ ದಿಕ್ಕಿಗೆ ಅನ್ನುವುದು ಮುಖ್ಯ. ಉದ್ದುದ್ದ ಗೆರೆ ಇದ್ದರೆ ನೀರು ಹಿಂದಕ್ಕೆ ಹರಿದು ಹೋಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾರುವುದು ಕಡಿಮೆ. ಆದರೆ ಥ್ರಾಟಲ್ ಒತ್ತಿದರೆ ಪಾದ ಹಿಂದಕ್ಕೆ ಹೋಗುತ್ತದೆ, ಅದನ್ನು ತಡೆಯುವುದು ಅಡ್ಡ ಗೆರೆ. ಡೈಮಂಡ್ ವಿನ್ಯಾಸ ಎರಡಕ್ಕೂ ಆಗುತ್ತದೆ. ಸಿಕ್ಕಿದರೆ ಅದೇ ತಗೊಳ್ಳಿ.

ಮೂಲೆಗಳನ್ನು ಚೂಪು ಬಿಡಬೇಡಿ. ಮ್ಯಾಟ್ ಏಳಲು ಶುರುವಾಗುವುದು ಅಲ್ಲಿಂದಲೇ. ದುಂಡಗೆ ಕತ್ತರಿಸಿ, ಅಂಚನ್ನು ಓರೆ ಮಾಡಿ. ಹಳೇ ಮ್ಯಾಟ್ ಹರಿಯದ ಹಾಗೆ ಕಿತ್ತರೆ ಅದೇ ಅಳತೆ. ಹರಿದರೆ ಪೇಪರ್ ಹಾಸಿ ಗುರುತು ಮಾಡಿ.

ಫೈಬರ್ ಕೆಲಸದವ:
ಇಷ್ಟೆಲ್ಲ ಮಾಡಿ ಬಿಸಿಲಿಗಿಟ್ಟರೆ ಇವಿಎ ಕುಗ್ಗುತ್ತದೆ. ಚಪ್ಪಲಿ ಬಿಸಿಲಲ್ಲಿ ಬಿಟ್ಟವರಿಗೆ ಗೊತ್ತುಂಟು. ಮರಳು ಕುಗ್ಗುವುದಿಲ್ಲ, ಅಷ್ಟೇ ಹೇಳುವುದು.

ಕುಂಬಳೆ ಕಡೆಯವಳು:
ಬಿಸಿಲಲ್ಲಿ ಬಿಡುವುದು ಯಾಕೆ? ಟಾರ್ಪಾಲ್ ಇಲ್ವಾ?

ಹೊಸದುರ್ಗ ರೈಡರ್:
ಫುಟ್‌ಹೋಲ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಬೇಡ ಅನ್ನುವುದು ನನ್ನ ಮಾತು. ಅದು ಗಾಳಿಯಲ್ಲಿ ಪಲ್ಟಿ ಹೊಡೆಯುವವರಿಗೆ. ಗಾಡಿ ಕಾಲಿಗೆ ಕಚ್ಚಿಕೊಂಡೇ ಮೇಲೆ ಬರಬೇಕು ಅನ್ನುವವರ ಸಾಮಾನು. ಬೀಳುವಾಗ ಒಂದು ಪಾದ ಬಿಟ್ಟು ಇನ್ನೊಂದು ಸಿಕ್ಕಿಕೊಂಡರೆ ಮಂಡಿ ತಿರುಚುತ್ತದೆ. ಗಾಡಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. 2008ರ ನಂತರದ ಟೂ ಸ್ಟ್ರೋಕ್ ಸೂಪರ್‌ಜೆಟ್ ಒಣತೂಕ 139 ಕೆ.ಜಿ. 2021ರ ಫೋರ್ ಸ್ಟ್ರೋಕ್ ಸುಮಾರು 170. ಕವಾಸಾಕಿಯ 1500 ಸಿಸಿ ಎಸ್ಎಕ್ಸ್-ಆರ್ ಅಂತೂ ಪೆಟ್ರೋಲ್ ತುಂಬಿ 250. ಅದನ್ನು ಪಾದದಲ್ಲಿ ಎತ್ತುವ ಹುಚ್ಚು ಯಾರಿಗೂ ಬೇಡ.

ಉಪ್ಪಳದವ:
ಅಣ್ಣ, ಫುಟ್‌ಹೋಲ್ಡ್ ಇದ್ದರೆ ಜಾರುವುದೇ ಇಲ್ಲವಲ್ಲ?

ಕುಂಬಳೆ ಕಡೆಯವಳು:
ಒಂದೇ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ತಿರುವಿಗೆ ಒಂದು ಕಾಲು ಮುಂದೆ, ಅಲೆಗೆ ಇನ್ನೊಂದು ಥರ, ಸುಮ್ನೆ ಹೋಗುವಾಗ ಎರಡೂ ಜೊತೆಗೆ. ನಿಮ್ಮ ಪಾದ ಎಲ್ಲಿ ನಿಲ್ಲುತ್ತದೆ ಅನ್ನುವುದು ಕೆಲವು ಕಾಲ ಓಡಿಸಿದ ಮೇಲೆ ತಾನೇ ಗೊತ್ತಾಗುವುದು. ಕಿಕ್ ಕೂಡ ಹಾಗೇ. ಹಿಂಗಾಲಿಗೆ ಒತ್ತಿ ಹಿಡಿಯಲು ಅದು ಒಳ್ಳೆಯದು, ನಾನು ಬೇಡ ಅನ್ನುವುದಿಲ್ಲ. ಆದರೆ ಜಾಗ ತಪ್ಪಿದರೆ ಹತ್ತುವಾಗ ಪ್ರತಿ ಸಲ ಮೊಣಕಾಲಿಗೆ ಬಡಿಯುತ್ತದೆ. ಮೊದಲು ಟ್ರೇಯ ನೆಲಕ್ಕೆ ಮ್ಯಾಟ್, ಅದರ ಅಡಿಗೆ ಒಂದು ಪದರ ಮೆತ್ತಗಿನ ಪ್ಯಾಡ್, ಎರಡು ಬದಿಗೆ ದಪ್ಪ ಪ್ಯಾಡ್. ಬದಿಗೆ ಕಾಲು ಒತ್ತಿ ನಿಂತರೆ ತಿರುವಿನಲ್ಲಿ ಅರ್ಧ ಹಿಡಿತ ಅಲ್ಲಿಂದಲೇ ಸಿಗುತ್ತದೆ.

ಹೊಸದುರ್ಗ ರೈಡರ್:
ಹಿಂದಕ್ಕೆ ಜಾರುವುದನ್ನು ಹಗುರ ಮಾಡಬೇಡಿ. ಹಿಂದೆ ಬಿದ್ದರೆ ನೇರ ಗಾಡಿಯ ಪಂಪು ಹಿಂದಕ್ಕೆ ಚಿಮ್ಮುವ ನೀರಿನ ಎದುರು. ಆ ರಭಸಕ್ಕೆ ದೇಹದ ಒಳಗೇ ಗಾಯವಾಗಬಹುದು. ಅದಕ್ಕೇ ಕಂಪನಿಯವರು ಗಾಡಿಯ ಮೇಲೆಯೇ ಎಚ್ಚರಿಕೆ ಬರೆದು ವೆಟ್‌ಸೂಟ್ ಪ್ಯಾಂಟ್ ಹಾಕಲು ಹೇಳುವುದು. ಬರ್ಮುಡಾದಲ್ಲಿ ಹೋಗುವ ಹುಡುಗರಿಗೆ ಎಷ್ಟು ಹೇಳಿದರೂ ಅಷ್ಟೇ.

ಮಂಜೇಶ್ವರ ಕಡಲು:
ಶೂ ಕೂಡ ಹಾಕಿ. ಹೊಳೆಬಾಯಿಯ ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿಗಿಂತ ಹರಿತ. ಮತ್ತೆ ಪಡನ್ನ ಕಡೆ ಹೋಗುವುದಾದರೆ ಕಲ್ಲುಮ್ಮಕಾಯಿ (ತಿನ್ನುವ ಚಿಪ್ಪು) ಬೆಳೆಸುವ ಹಗ್ಗಗಳಿಂದ ದೂರ ಇರಿ. ಪಂಪು ಹಗ್ಗ ಎಳೆದುಕೊಂಡರೆ ನಿಮ್ಮ ಗಾಡಿಯೂ ಹೋಯಿತು, ಅವರ ಬೆಳೆಯೂ ಹೋಯಿತು.

ಉಪ್ಪಳದವ:
ಸರಿ. ನೆಲಕ್ಕೆ ಕಿಟ್ಟಿನ ಡೈಮಂಡ್ ಮ್ಯಾಟ್ ತರಿಸುತ್ತೇನೆ. ಅಡಿಯ ಪದರ, ಬದಿಯ ಪ್ಯಾಡ್ ಇಲ್ಲಿನ ಶೀಟಿನಲ್ಲಿ. ಫುಟ್‌ಹೋಲ್ಡ್ ಇಲ್ಲ, ಕಿಕ್ ಆಮೇಲೆ. ಚೌತಿ ಕಳೆದು ಬಿಸಿಲು ಬಂದ ಮೇಲೆ ಅಂಟಿಸುವುದು. ಮ್ಯಾಟ್ ಕಪ್ಪು ಬಣ್ಣದ್ದೇ ಇರಲಿ ಅಂತ.

ಕುಂಬಳೆ ಕಡೆಯವಳು:
ಕಪ್ಪು ಬೇಡ. ಮಾರ್ಚಿನಲ್ಲಿ ದಡದಲ್ಲಿ ನಿಲ್ಲಿಸಿ ಎಳನೀರು ಕುಡಿದು ಬರುವಷ್ಟರಲ್ಲಿ ಬರಿಗಾಲು ಇಡಲಾಗುವುದಿಲ್ಲ. ಬೂದು ತಗೊಳ್ಳಿ.

ಉಪ್ಪಳದವ:
ಇನ್ನೊಂದು ಪ್ರಶ್ನೆ. ಹಳೇ ಅಂಟು ಕಲ್ಲಾಗಿದೆ. ಪೇಂಟ್ ರಿಮೂವರ್ ಹಾಕಿದರೆ ಬೇಗ ಆಗುವುದಿಲ್ವಾ?

ಫೈಬರ್ ಕೆಲಸದವ:
ಮುಟ್ಟಬೇಡ! ಅಂಟಿನ ಜೊತೆ ಬಣ್ಣ ಹೋಗುತ್ತದೆ, ಅಡಿಯ ರೆಸಿನ್ ಕೂಡ ಮೆತ್ತಗಾಗುತ್ತದೆ. ಹಾಟ್ ಏರ್ ಗನ್ ಕಡಿಮೆಯಲ್ಲಿಟ್ಟು, ಒಂದೇ ಕಡೆ ಹಿಡಿಯದೆ, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಎಬ್ಬಿಸುತ್ತಾ ಹೋಗು. ಗನ್ ಇಲ್ಲದಿದ್ದರೆ ನನ್ನ ಶೆಡ್ಡಿಗೆ ತಾ. ಮರಳು ಹಾಕುವುದಿಲ್ಲ, ಹೆದರಬೇಡ.